ಬೆಟ್ಟದ ಹಿಂದಿನ ಮಳೆಡಬ್ಬಿ

ಕಣದ ಅಂಚಿನಲ್ಲಿ ಇನ್ನೂ ಮಬ್ಬುಗತ್ತಲು. ತೂದಾ ಒಂದು ಕೈಯಲ್ಲಿ ಶಾಲು ಬಿಗಿಹಿಡಿದು, ಇನ್ನೊಂದರಲ್ಲಿ ಗಾಜಿನ ಅಳತೆ ಕೊಳವೆ ಹಿಡಿದು, ದಾರಿಗೆ ಅಡ್ಡ ನಿಂತ ಮೇಕೆಗಳನ್ನು ಗದರಿಸುತ್ತ ಬರುತ್ತಾಳೆ. ಮುಳ್ಳುಬೇಲಿಯ ನಡುವೆ ಕಂಬಕ್ಕೆ ಬಿಗಿದ ತಗಡಿನ ಡಬ್ಬಿಯಿದೆ, ಅದರ ಬಾಯಿಗೊಂದು ಲಾಳಿಕೆ. ಅವಳು ಮೊದಲು ಬಗ್ಗಿ ನೆಲ ಮುಟ್ಟಿ ನೋಡುತ್ತಾಳೆ. ಆಮೇಲೆ ಲಾಳಿಕೆಯಲ್ಲಿ ಸಿಕ್ಕಿಕೊಂಡ ಬಾದಾಮಿ ಎಲೆ, ಪಾರಿವಾಳದ ಪುಕ್ಕ ತೆಗೆದು ಡಬ್ಬಿಯನ್ನು ಕಂಬದಿಂದ ಕಳಚಿ ಕೊಳವೆಗೆ ಬಗ್ಗಿಸುತ್ತಾಳೆ. ಇವತ್ತು ಒಂದು ಹನಿಯೂ ಇಲ್ಲ. ಸಿಗ್ನಲ್ ಸಿಗುವ ಅಕ್ರೋಟು ಮರದ ಬುಡಕ್ಕೆ ನಡೆದು, ನಗರಕ್ಕೆ ಫೋನ್ ಹಚ್ಚಿ, "ಸೊನ್ನೆ. ನೆಲ ಒಣ" ಎಂದಷ್ಟೇ ಹೇಳಿ ಇಡುತ್ತಾಳೆ.

ಅಟ್ಲಾಸ್ ಬೆಟ್ಟಗಳ ಈ ಕಣಿವೆಯಲ್ಲಿ ತೂದಾ ಎಂದರೆ ಮಡಕೆ ಮಾರುವ ಮೋಹಾನ ಹೆಂಡತಿ, ಮುದುಕಿ ಇಜ್ಜಾಳ ಸೊಸೆ. ಮಳೆ ಅಳೆಯುವವಳು ಎಂದು ಕೇಳಿದರೆ ಯಾರೂ ಅವಳ ಮನೆ ತೋರಿಸುವುದಿಲ್ಲ. "ಓದಿದೋಳು ಅಂತ ನಂಗೆ ಈ ಕೆಲಸ ಕೊಟ್ಟಿದ್ದಲ್ಲ. ಕಣದ ಪಕ್ಕ ನಮ್ಮನೆ ಇತ್ತು, ಅಷ್ಟೆ. ಅಂಕಿ ಓದೋಕೆ ಬರತ್ತಾ ಅಂತ ಕೇಳಿದ್ರು. ಹೂಂ ಅಂದೆ. ಪೂರ್ತಿ ಬರ್ತಿರ್ಲಿಲ್ಲ, ಆಮೇಲೆ ಕಲಿತೆ," ಎನ್ನುತ್ತಾಳೆ.

ನಗರದ ಹತ್ತಿರ ಗುಡ್ಡದ ಮೇಲೆ ಮಳೆ ನೋಡುವ ರಾಡಾರ್ ಇದೆ. ದೊಡ್ಡ ಬಿಳಿ ಚೆಂಡಿನೊಳಗೆ ಕೂತು ಸುತ್ತುತ್ತ ಮೋಡಗಳನ್ನು ಹುಡುಕುತ್ತಿರುತ್ತದೆ. ಆದರೆ ಈ ಕಣಿವೆಗೂ ಅದಕ್ಕೂ ನಡುವೆ ಬೆಟ್ಟ ಅಡ್ಡ ಕೂತಿದೆ. ಬೆಟ್ಟದ ನೆತ್ತಿಯ ಮೇಲಿನಿಂದ ಇಣುಕಿದರೆ ಮೋಡದ ತಲೆ ಕಂಡೀತೇ ಹೊರತು ಕಾಲು ಕಾಣದು. ಇಲ್ಲಿನ ಮೋಡಗಳ ಬುದ್ಧಿಯೂ ಅಷ್ಟಕ್ಕಷ್ಟೆ. ಬೂದು ಎಳೆಗಳನ್ನು ಇಳಿಬಿಟ್ಟುಕೊಂಡು ಗುಡುಗುತ್ತ ಬರುತ್ತವೆ, ಮಳೆ ನಡುದಾರಿಯಲ್ಲೇ ಒಣಗಾಳಿಗೆ ಆರಿಹೋಗುತ್ತದೆ. ಊರಿನವರು ಅದಕ್ಕೆ ಗಡ್ಡದ ಮೋಡ ಎನ್ನುತ್ತಾರೆ. ರಾಡಾರ್‌ಗೆ ಗಡ್ಡದ ಮೋಡವೂ ಒಂದೇ, ಸುರಿಯುವ ಮೋಡವೂ ಒಂದೇ. ಯಾವುದು ನಿಜವಾಗಿ ನೆಲ ಮುಟ್ಟಿತು ಎಂಬುದನ್ನು ತೂದಾಳ ಡಬ್ಬಿ ಹೇಳಬೇಕು, ಅದನ್ನು ನೋಡಿ ನಗರದವರು ರಾಡಾರ್‌ನ ಲೆಕ್ಕ ತಿದ್ದಿಕೊಳ್ಳಬೇಕು.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂದು ಕೇಳಿದರೆ ತೂದಾ ಕಣಿವೆಯ ಕೆಳಗಡೆ ಕೈತೋರಿಸುತ್ತಾಳೆ. ಅಲ್ಲಿ ಒಣಗಿದ ಹೊಳೆಯ ಪಾತ್ರದಲ್ಲಿ ಪ್ರತಿ ಗುರುವಾರ ಸಂತೆ ನೆರೆಯುತ್ತದೆ. ಮೇಲೆ ಮಳೆಯಾದರೆ ಕೆಳಗೆ ಬಿಸಿಲಿರುವಾಗಲೇ ನೀರು ನುಗ್ಗುತ್ತದೆ. ಸಂತೆಯ ನಟ್ಟನಡುವೆ, ಅತ್ಯಂತ ತಗ್ಗಿನ ಜಾಗದಲ್ಲಿ, ಮೋಹಾನ ಮಡಕೆಗಳಿರುತ್ತವೆ. "ಆ ಜಾಗ ಅವರಪ್ಪಂದು. ಬಿಡು ಅಂದ್ರೆ ಬಿಡಲ್ಲ. ಹಟಮಾರಿ," ಎಂದು ಗಂಡನಿಗೆ ಕೇಳುವಂತೆಯೇ ಹೇಳುತ್ತಾಳೆ.

ಕಳೆದ ವಸಂತದಲ್ಲಿ ಮಳೆ ಪೂರ್ತಿ ಕೈಕೊಟ್ಟಿತ್ತು. ಹೆಂಗಸರು ಮಳೆಯ ಮದುಮಗಳನ್ನು ಹೊರಡಿಸಿದರು: ದೊಡ್ಡ ಮರದ ಸೌಟಿಗೆ ರೇಷ್ಮೆ ವಸ್ತ್ರ ಸುತ್ತಿ, ಮಣಿಸರ ಹಾಕಿ, ಮನೆಮನೆಯ ಮುಂದೆ ಹೊತ್ತು ತಿರುಗಿದರು. ಮಾಳಿಗೆಗಳಿಂದ ಅದರ ಮೇಲೆ ನೀರು ಸುರಿದರು. ನಮ್ಮ ಉತ್ತರ ಕರ್ನಾಟಕದ ಗುರ್ಜಿಯನ್ನು ಕಂಡವರಿಗೆ ಇದು ಹೊಸದಲ್ಲ. ಅದೇ ಸಂಜೆ ಗಡ್ಡದ ಮೋಡವೊಂದು ಬಂತು, ಗುಡುಗಿತು, ಹೋಯಿತು.

ಮರುದಿನ ಬೆಳಗ್ಗೆ ಡಬ್ಬಿಯಲ್ಲಿ ಒಂಬತ್ತು ಮಿಲಿಮೀಟರ್ ನೀರಿತ್ತು. ಕಣದಲ್ಲಿ ಕಾಲಿಟ್ಟರೆ ಧೂಳು ಏಳುತ್ತಿತ್ತು. ತೂದಾಗೆ ತಲೆಬುಡ ತಿಳಿಯಲಿಲ್ಲ. ಡಬ್ಬಿಯಲ್ಲಿರುವುದನ್ನು ಹೇಳು, ಸ್ವಂತ ಊಹೆ ಬೇಡ ಎಂದು ಕಲಿಸಿದ್ದರು. ಒಂಬತ್ತು ಎಂದು ಹೇಳಿಬಿಟ್ಟಳು.

ಮರದ ಬುಡದಿಂದ ಹೊರಡುವಷ್ಟರಲ್ಲಿ ರಾಡಾರ್ ಕಚೇರಿಯ ಸುಕೈನಾಳ ಫೋನ್ ಬಂತು. ಲೆಕ್ಕ ತಿದ್ದುವ ಎಂಜಿನಿಯರ್ ಅವಳೇ; ತೂದಾಳನ್ನು ಗೌರವದಿಂದ ಲಲ್ಲಾ, ಅಂದರೆ ಅಮ್ಮಾ, ಎನ್ನುತ್ತಾಳೆ. "ಲಲ್ಲಾ ತೂದಾ, ನಿನ್ನೆ ಮೋಡ ಪರದೆ ಮೇಲೆ ಕೆಂಪಗೆ ಕಾಣ್ತಿತ್ತು. ಏನೂ ಬೀಳಲ್ಲ ಅಂತ ಬಿಟ್ಟುಬಿಟ್ಟಿದ್ವಿ. ಒಂಬತ್ತು ಬಿದ್ದಿದೆ ಅಂದ್ರೆ ನಮ್ಮ ಲೆಕ್ಕಾನೇ ತಪ್ಪು. ಇನ್ಮೇಲೆ ಇಂಥ ಮೋಡ ಬಂದಾಗೆಲ್ಲ ಸಂತೆ ಏಳಿಸ್ತೀವಿ," ಎಂದಳು. ದನಿಯಲ್ಲಿ ಖುಷಿಯಿತ್ತು.

ತೂದಾ ಫೋನ್ ಇಟ್ಟು ಕೊಳವೆಯತ್ತ ನೋಡಿದಳು. ಗಡ್ಡದ ಮೋಡ ಬರುವುದೇನು ಅಪರೂಪವೇ? ಎರಡು ಸಲ ಸುಮ್ಮಸುಮ್ಮನೆ ಸಂತೆ ಏಳಿಸಿದರೆ ಮೂರನೇ ಸಲ ಯಾರೂ ಜಗ್ಗುವುದಿಲ್ಲ. ಮೋಹಾ ಅಂತೂ ಮೊದಲನೇ ಸಲವೇ ಜಗ್ಗುವವನಲ್ಲ. ಕೊಳವೆಯಲ್ಲಿ ಉಳಿದಿದ್ದ ನೀರನ್ನು ಮೂಸಿ ನೋಡಿದಳು. ಕಿತ್ತಳೆ ಹೂವಿನ ಘಮ. ಮದುಮಗಳಿಗೆಂದು ಕಾಯಿಸಿದ ನೀರಿಗೆ ಹೂವಿನ ಪನ್ನೀರು ಬೆರೆಸಿದ್ದು ಅತ್ತೆ ಇಜ್ಜಾ.

ಇಜ್ಜಾ ರೊಟ್ಟಿ ತಟ್ಟುತ್ತಿದ್ದಳು. ಮುಚ್ಚುಮರೆ ಏನೂ ಇಲ್ಲ. "ಹೂಂ, ನಾನೇ ಹಾಕ್ದೆ. ಮದುಮಗಳ ನೀರನ್ನ ಮನೆಯ ಎಲ್ಲ ಪಾತ್ರೆಗೂ ಇಷ್ಟಿಷ್ಟು ಹಾಕಿದೀನಿ. ನಿನ್ನ ಡಬ್ಬಿಯೊಂದನ್ನ ಹೆಂಗೆ ಬಿಡ್ಲಿ? ವರ್ಷದಿಂದ ಖಾಲಿ ಪಾತ್ರೆ ಆಕಾಶಕ್ಕೆ ತೋರಿಸ್ಕೊಂಡು ನಿಂತಿದೀಯ. ಆಕಾಶಕ್ಕಾದ್ರೂ ಬೇಜಾರಾಗಲ್ವೇನೇ?"

"ಅತ್ತೆ, ಅದು ಪಾತ್ರೆ ಅಲ್ಲ."

"ಬಾಯಿದೆ, ತಳ ಇದೆ. ಇನ್ನೇನು?"

ತೂದಾ ಮತ್ತೆ ಹೋಗಿ ಅಕ್ರೋಟು ಮರದ ಕೆಳಗೆ ಬಹಳ ಹೊತ್ತು ನಿಂತಿದ್ದಳು. ಹೇಳಿದರೆ ಅತ್ತೆಯ ಹೆಸರು ಊರೆಲ್ಲ ನಗೆಪಾಟಲು, ಡಬ್ಬಿಯನ್ನೇ ಕಿತ್ತು ಬೇರೆ ಊರಿಗೆ ಒಯ್ದರೂ ಒಯ್ದಾರು. ಹೇಳದಿದ್ದರೆ ರಾಡಾರ್ ಇನ್ನು ಮುಂದೆ ಅತ್ತೆಯ ನೀರನ್ನೇ ಮಳೆಯೆಂದು ನಂಬಿಕೊಂಡು ಕೂರುತ್ತದೆ. ಕೊನೆಗೆ ಫೋನ್ ಹಚ್ಚಿದಳು.

"ಮಗಳೇ, ಆ ಒಂಬತ್ತು ಆಕಾಶದ್ದಲ್ಲ. ನಮ್ಮತ್ತೇದು."

ನಡೆದದ್ದೆಲ್ಲ ಕೇಳಿ ಸುಕೈನಾ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳಂತೆ. ನಗು ನಿಂತ ಮೇಲೆ ಕೇಳಿದಳು: "ಬೆಳಗ್ಗೆ ನೆಲ ಹೇಗಿತ್ತು?"

"ಒಣಗಿತ್ತು."

"ನಾಳೆಯಿಂದ ಅದನ್ನೂ ಹೇಳಿ. ಮೊದಲು ನೆಲ, ಆಮೇಲೆ ಡಬ್ಬಿ. ನಮಗೂ ಇದು ಹೊಳೆದಿರ್ಲಿಲ್ಲ."

ಡಬ್ಬಿ ಉಳಿಯಿತು. ಒಂಬತ್ತನ್ನು ಹೊಡೆದುಹಾಕಿ ಸೊನ್ನೆ ಬರೆದರು. ಅತ್ತೆಯ ಸುದ್ದಿ ಕಚೇರಿಯಾಚೆ ಹೋಗಲಿಲ್ಲ. ಕೆಲವು ವಾರಗಳ ನಂತರ ಒಂದು ಗುರುವಾರ, ಬೆಳಗಿನ ಲೆಕ್ಕ ಕೊಟ್ಟು ತೂದಾ ಒಲೆಯ ಮುಂದಿದ್ದಾಗ, ಬೆಟ್ಟದ ಮೇಲೆ ಮೋಡ ಕಪ್ಪಾಯಿತು, ಮಳೆ ಧೋ ಎಂದು ಸುರಿಯಿತು. ಸಾರು ಒಲೆಯ ಮೇಲೆ ಬಿಟ್ಟು, ಕಣವನ್ನೂ ಡಬ್ಬಿಯನ್ನೂ ನೋಡಿಕೊಂಡು ಮರದ ಕೆಳಗೆ ಓಡಿದಳು. ಅಷ್ಟರಲ್ಲಿ ಸುಕೈನಾಳೇ ಫೋನ್ ಮಾಡಿದ್ದಳು.

"ಅವತ್ತಿನ ಹಾಗೇ ಕೆಂಪಗಿದೆ ಲಲ್ಲಾ. ನೆಲ ಹೇಳಿ."

"ನೆಲ ಹರೀತಿದೆ ಮಗಳೇ. ಕಣದಲ್ಲಿ ಹುಲ್ಲು ತೇಲ್ತಿದೆ. ಡಬ್ಬಿ ಅವತ್ತಿನ ಅತ್ತೆ ನೀರಿನ ಎರಡರಷ್ಟಾಗಿದೆ, ಇನ್ನೂ ಸುರೀತಾನೇ ಇದೆ. ಸಂತೆ ಏಳಿಸಿ. ಮಡಕೆಯವನು ಏಳಲ್ಲ ಅಂತಾನೆ. ಕೈಹಿಡಿದು ಎಳೀರಿ."

ಸಂತೆಯಲ್ಲಿ ಆಗ ಬಿಸಿಲು ಕಾಯುತ್ತಿತ್ತು. ನಗರದಿಂದ ಸುದ್ದಿ ತಿಳಿದ ಮುಕದ್ದಮ, ಅಂದರೆ ಊರಿನ ಸರ್ಕಾರಿ ಅಧಿಕಾರಿ, ಬಂದು ಕೂಗಿದಾಗ ಜನ ಗೊಣಗುತ್ತಲೇ ದಡ ಹತ್ತಿದರು. ಅದುವರೆಗೆ ಒಂದು ಸಲವೂ ಸುಳ್ಳು ಎಚ್ಚರಿಕೆ ಬಂದಿರಲಿಲ್ಲ, ಅದಕ್ಕೇ ಹತ್ತಿದರು. ಮೋಹಾನನ್ನು ಇಬ್ಬರು ರಟ್ಟೆ ಹಿಡಿದು ಎಳೆದರು. ನೀರು ಬಂದಾಗ ಹೊಳೆಯಲ್ಲಿ ಮಡಕೆಗಳಿದ್ದವು, ಮನುಷ್ಯರಿರಲಿಲ್ಲ.

ಸಂಜೆ ಮೋಹಾ ಕೆಸರಾಗಿ ಮನೆಗೆ ಬಂದು ಕೂತ. "ರಾಡಾರ್ ಕಂಡುಹಿಡೀತಂತೆ ಕಣೇ. ಎಂಥ ಕಣ್ಣು ಅದಕ್ಕೆ, ಅಬ್ಬಬ್ಬ," ಎಂದ. ತೂದಾ ಅವನಿಗೆ ಬಾರ್ಲಿ ಗಂಜಿ ಬಡಿಸಿದಳು. ಮಳೆ ಬಂದದ್ದು ತಾನು ಡಬ್ಬಿಗೆ ನೀರು ಹಾಕಿದ್ದರಿಂದ ಎಂದು ಇಜ್ಜಾ ಇವತ್ತಿಗೂ ನಂಬಿದ್ದಾಳೆ. ಸೊಸೆ ಅದನ್ನು ತಿದ್ದಲು ಹೋಗಿಲ್ಲ. ಆದರೆ ಡಬ್ಬಿಯ ಪಕ್ಕದಲ್ಲಿ ಅತ್ತೆಗೆಂದೇ ಒಂದು ಮಣ್ಣಿನ ಬೋಗುಣಿ ಇಟ್ಟಿದ್ದಾಳೆ, ಹಾಕುವುದಿದ್ದರೆ ಅದರಲ್ಲಿ ಹಾಕಲಿ ಎಂದು.

ಏನಾದರೂ ಬೇಕೆ ಎಂದು ಕೇಳಿದರೆ ತೂದಾ ನಾಚಿಕೊಳ್ಳುತ್ತಾಳೆ. ಆಮೇಲೆ, ನಗರಕ್ಕೆ ಹೋಗಿ ಒಮ್ಮೆ ರಾಡಾರ್‌ನ ಪರದೆ ನೋಡಬೇಕು ಎನ್ನುತ್ತಾಳೆ. ಮೋಡ ಬಿಟ್ಟರೆ ಅದರಲ್ಲಿ ಕಾಣುವುದೇನೂ ಇಲ್ಲ ಎಂದು ಸುಕೈನಾ ಮೊದಲೇ ಹೇಳಿದ್ದಾಳೆ, ಬೆಟ್ಟದ ಹಿಂದಿನ ನೆಲವೆಲ್ಲ ಅಲ್ಲಿ ಬರೀ ಕಪ್ಪು.

"ಕಪ್ಪಿದ್ರೆ ಇರ್ಲಿ," ಎನ್ನುತ್ತ ತೂದಾ ಲಾಳಿಕೆಯನ್ನು ಶಾಲಿನ ಅಂಚಿನಲ್ಲಿ ಒರೆಸುತ್ತಾಳೆ. "ಮೋಹಾನ್ನೂ ಕರ್ಕೊಂಡು ಹೋಗ್ತೀನಿ. ಆ ಕಪ್ಪು ಜಾಗ ತೋರಿಸಿ ಹೇಳ್ಬೇಕು, ನೋಡು, ದಿನಾ ಬೆಳಗ್ಗೆ ನಾನು ಇಲ್ಲಿರ್ತೀನಿ ಅಂತ."