ಬೆಳ್ಳಿ ಮುಖದ ಹುಡುಗಿ ಮನೆಗೆ ಹೋದಳೇ?

ಖಾನಾಪುರದಲ್ಲಿ ಸತ್ಯವ್ವನನ್ನು ಹೆಸರು ಹಿಡಿದು ಕರೆಯುತ್ತಿದ್ದವಳು ನಾನೊಬ್ಬಳೇ. ಉಳಿದವರಿಗೆಲ್ಲ ಅವಳು ‘ತಾಯಿ’. ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವಳು, ನಗು ಬಂದರೆ ಬಾಯಿಗೆ ಸೆರಗು ಅಡ್ಡ ಹಿಡಿಯುವವಳು. ಅಂಥವಳ ಕಾಲಿಗೆ ನನ್ನ ಅಣ್ಣ ನೇಮಣ್ಣ, ಪೇಟೆಯಲ್ಲಿ ಕಾಳಿನ ಅಂಗಡಿ ಇಟ್ಟ ಡೊಳ್ಳುಹೊಟ್ಟೆಯ ಮನುಷ್ಯ, ಅಡ್ಡಬೀಳುವುದನ್ನು ಕಂಡರೆ ನಾನು ಮುಖ ತಿರುಗಿಸುತ್ತಿದ್ದೆ.

ಅವಳು ದೇವರಾದದ್ದು ಜ್ವರದಿಂದ. ಎಪ್ಪತ್ತರ ದಶಕದ ಆರಂಭದಲ್ಲಿ, ಮಗಳು ರೇಣವ್ವ ಹುಟ್ಟಿದ ಬಾಣಂತನದಲ್ಲಿ, ಮೈ ಕಾದು ಏನೇನೋ ಬಡಬಡಿಸಿದಳಂತೆ. ‘ಹೊಳಿ ದಂಡ್ಯಾಗ ಐತಿ’ ಅಂದದ್ದೂ ಅದರಲ್ಲಿ ಒಂದು ಮಾತು. ಮರುದಿನ ನೆರೆಮನೆಯವರ ಕಳೆದುಹೋದ ಎಮ್ಮೆ ಮಲಪ್ರಭೆಯ ದಂಡೆಯಲ್ಲಿ ಸಿಕ್ಕಿತು. ಎಮ್ಮೆ ಹೊಳೆಯ ದಂಡೆಯಲ್ಲಿ ಸಿಗದೆ ತಹಸೀಲ್ದಾರರ ಕಚೇರಿಯಲ್ಲಿ ಸಿಗುತ್ತದೆಯೇ? ನಮ್ಮ ಮಂದಿಗೆ ಅಷ್ಟು ಸಾಕಾಯಿತು. ಗಂಡ ಈರಯ್ಯ ಅದೇ ವಾರ ಕಾರ್ಖಾನೆಯ ಕೆಲಸ ಬಿಟ್ಟ. ಪಡಸಾಲೆಯಲ್ಲಿ ಒಂದು ಗದ್ದಿಗೆ ಕಟ್ಟಿಸಿ, ಮಂಗಳವಾರ, ಶುಕ್ರವಾರ ಹೆಂಡತಿಯ ಮುಖಕ್ಕೆ ಭಂಡಾರವೆಂದು ಅರಿಶಿನಪುಡಿ ಬಳಿದು, ಕೂದಲು ಬಿಚ್ಚಿಸಿ ಕೂಡಿಸತೊಡಗಿದ.

ಅವನ ಕಸಬು ನೋಡಬೇಕಿತ್ತು. ಕಟ್ಟೆಯ ಮೇಲೆ ಕಾಯುವವರಿಗೆ ನೀರು ಕೊಟ್ಟು, ‘ಯಾಕವಾ, ಮುಖ ಸಣ್ಣದಾಗೇತಲ್ಲ?’ ಎಂದು ಸಕ್ಕರೆಯಂತೆ ಮಾತಾಡಿಸಿ ಮನೆತನದ ಗುಟ್ಟನ್ನೆಲ್ಲ ಹೊರಡಿಸುತ್ತಿದ್ದ. ಆಮೇಲೆ ಕರ್ಪೂರ ಹಚ್ಚುವ ನೆಪದಲ್ಲಿ ಒಳಗೆ ಹೋಗಿ ಹೆಂಡತಿಯ ಕಿವಿಯಲ್ಲಿ ಉಸುರುತ್ತಿದ್ದ. ತಾಯಿ ಮೈ ನಡುಗಿಸುತ್ತ ಅದನ್ನೇ ತಿರುಗಿಸಿ ಹೇಳುತ್ತಿದ್ದಳು. ಈಗಷ್ಟೇ ತಾವೇ ಆಡಿದ ಮಾತನ್ನು ಅವಳ ಬಾಯಿಂದ ಕೇಳಿ ಜನ ಗಳಗಳನೆ ಅಳುತ್ತಿದ್ದರು. ಥೂ!

ಎಂಬತ್ತೈದರ ಸುಮಾರಿಗೆ ಅಣ್ಣ ಬೆಳಗಾವಿಯಿಂದ ಟಿವಿ ತಂದ. ರವಿವಾರ ಪರದೇಶದ್ದೊಂದು ಇಂಗ್ಲಿಷ್ ಧಾರಾವಾಹಿ ಬರುತ್ತಿತ್ತು. ಆಕಾಶದಲ್ಲಿ ಹಾರುವ ಹಡಗು, ಅದಕ್ಕೊಬ್ಬ ಕ್ಯಾಪ್ಟನ್, ವಾರಕ್ಕೊಂದು ಹೊಸ ಗ್ರಹ. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದುದರಿಂದ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಕೆಲಸ ನನ್ನ ತಲೆಗೆ ಬಿತ್ತು. ಸತ್ಯವ್ವ ಹಿತ್ತಲ ಬಾಗಿಲಿನಿಂದ ಬಂದು ಕಂಬಕ್ಕೆ ಒರಗಿ ಕೂರುತ್ತಿದ್ದಳು. ವಾರದಲ್ಲಿ ಅವಳು ಬರೀ ಹೆಣ್ಣುಮಗಳಾಗಿ ಇರುತ್ತಿದ್ದದ್ದು ಆ ಒಂದು ತಾಸು.

ಆ ಗ್ರಹಗಳಲ್ಲೆಲ್ಲ ದೇವರೇ ದೇವರು, ಎಲ್ಲವೂ ಸುಳ್ಳು ದೇವರು. ಒಂದು ವಾರ ರಟ್ಟಿನ ಗುಡ್ಡವೊಂದು ಗುಡುಗಿ ಮಾತಾಡುತ್ತಿತ್ತು, ಇನ್ನೊಂದು ವಾರ ಬಂಗಾರದ ಬಟ್ಟೆಯ ಠಕ್ಕನೊಬ್ಬ. ಭಕ್ತರೆಂಬುವವರು ಒಂದೇ ಬಣ್ಣದ ನಿಲುವಂಗಿ ಹೊಲಿಸಿಕೊಂಡು, ಕುರಿಗಳ ಹಾಗೆ ತಲೆ ಬಗ್ಗಿಸಿ ನಿಂತಿರುವವರು. ಕೊನೆಗೆ ಕ್ಯಾಪ್ಟನ್ ಸಾಹೇಬರು ಒಳಗಿನ ಯಂತ್ರ ಒಡೆದು, ಸೊಂಟದ ಮೇಲೆ ಕೈ ಇಟ್ಟು ಒಂದು ಭಾಷಣ ಬಿಗಿದರೆ ಮುಗಿಯಿತು, ಇಡೀ ಗ್ರಹಕ್ಕೆ ಬುದ್ಧಿ ಬಂತು! ಒಬ್ಬನಾದರೂ ಸಿಟ್ಟಿಗೆದ್ದು ಅವನಿಗೆ ಕಲ್ಲು ಬೀಸಲಿಲ್ಲ. ಅದನ್ನು ನೋಡಿದರೆ ನನಗೆ ಹೇಸಿಗೆ. ಅದನ್ನು ನೋಡಿ ‘ಏನ್ ಹುಚ್ಚ ಮಂದಿ ನೋಡವಾ ಕಾಂತಾ!’ ಎಂದು ಹೊಟ್ಟೆ ಕುಲುಕಿಸಿ ನಕ್ಕು, ಶುಕ್ರವಾರ ಕಾಯಿ ಹಿಡಿದು ಈರಯ್ಯನ ಕಟ್ಟೆಗೆ ಓಡುವ ಅಣ್ಣನನ್ನು ನೋಡಿದರೆ ಇನ್ನೂ ಹೇಸಿಗೆ.

ಒಂದು ರವಿವಾರ ಬೆಳ್ಳಿ ಬಳಿದ ಮುಖದ ಒಬ್ಬ ಹುಡುಗಿ ಬಂದಳು. ಎತ್ತರದ ಪೀಠದ ಮೇಲೆ ಅವಳು, ಕೆಳಗೆ ಸಾವಿರಾರು ಜನ. ಅವಳು ಬಾಯಿ ತೆರೆದರೆ ಗಂಡುದನಿ ಬರುತ್ತಿತ್ತು. ಪೀಠದ ಕೆಳಗೆ ಅಡಗಿಸಿಟ್ಟ ಯಂತ್ರ ಮಾತಾಡುತ್ತದೆ, ಹುಡುಗಿ ಬರೀ ತುಟಿ ಆಡಿಸುತ್ತಾಳೆ ಎಂದು ನಾನು ಬಿಡಿಸಿ ಹೇಳಿದೆ.

ಸತ್ಯವ್ವ ಬಾಯಿಗೆ ಸೆರಗು ಹಿಡಿದಳು. “ಅಕಿಗೂ ಒಬ್ಬ ಈರಯ್ಯ ಅದಾನ ಅನ್ರಿ ಅಕ್ಕಾರ.”

ಕ್ಯಾಪ್ಟನ್ ಯಂತ್ರ ನಿಲ್ಲಿಸಿದ. ಭಾಷಣ ಆಯಿತು, ಜನ ಕುಣಿದರು, ಹಡಗು ಹಾರಿತು.

“ಆ ಹುಡುಗಿ ಏನಾದ್ಲ್ರೀ?”

“ಮುಗೀತು ಸತ್ಯವ್ವ. ಮುಂದಿಂದು ತೋರಸಂಗಿಲ್ಲ.”

“ಮನಿಗೆ ಹೋದ್ಲೇನ್ರೀ ಅಕಿ?” ಎಂದು ಮತ್ತೆ ಕೇಳಿದಳು. ಹುಡುಗಿಯ ಗೊಡವೆ ಆ ಕ್ಯಾಪ್ಟನ್‌ಗೂ ಇರಲಿಲ್ಲ, ಅದನ್ನು ಬರೆದವರಿಗೂ ಇರಲಿಲ್ಲ.

ಮರುವರ್ಷ ಆಷಾಢದಲ್ಲಿ ರೇಣವ್ವ ಶಾಲೆಗೆ ಬರುವುದು ನಿಂತಿತು. ಎಂಟನೆಯ ತರಗತಿಯಲ್ಲಿ ಅಷ್ಟು ಚುರುಕಾದ ಹುಡುಗಿ ಇನ್ನೊಬ್ಬಳಿರಲಿಲ್ಲ. ರವಿವಾರ ಸತ್ಯವ್ವ ಬಂದಾಗ ಟಿವಿಯ ಕಡೆ ನೋಡಲೇ ಇಲ್ಲ.

“ಶ್ರಾವಣದ ಮೊದಲನೇ ಶುಕ್ರವಾರ ರೇಣಿನ್ನ ಗದ್ದಿಗೀಗೆ ಕೂಡಸ್ತಾನಂತ್ರಿ. ಸಣ್ಣ ತಾಯಿ ಅಂದ್ರ ಮಂದಿ ಇನ್ನೂ ಕೂಡ್ತಾರಂತ. ನನ್ನ ಬಾಳೇ ಅಂತೂ ಹಿಂಗಾತು, ಅಕಿದು ಆಗಬಾರದ್ರಿ ಅಕ್ಕಾರ.” ಅಳುತ್ತಿದ್ದಳು.

ಬೆಳಗಾವಿಯಲ್ಲಿ ಹುಡುಗಿಯರ ಹಾಸ್ಟೆಲ್ಲೊಂದಿದೆ, ಸೇರಿಸುವ ಜವಾಬ್ದಾರಿ ನನ್ನದು ಎಂದೆ. ಆದರೆ ಈರಯ್ಯ ಬಿಡಬೇಕಲ್ಲ?

ಅವಳು ಕಣ್ಣೊರೆಸಿಕೊಂಡಳು. “ಯಂತ್ರಾ ಬಂದ್ ಮಾಡ್ತೀನ್ರಿ. ಎಲ್ಲಾರ ಮುಂದ ಖರೇ ಹೇಳ್ತೀನಿ.”

ಆ ಧಾರಾವಾಹಿಯನ್ನು ಅಷ್ಟು ಬೈದುಕೊಂಡ ನಾನೂ ‘ಹೇಳು’ ಎಂದೆ.

ಶುಕ್ರವಾರ ಈರಯ್ಯನ ಮನೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಗದ್ದಿಗೆಯ ಬಾಜು ರೇಣವ್ವ ಹಸಿರು ಸೀರೆಯಲ್ಲಿ ಮುದುಡಿ ಕುಳಿತಿದ್ದಳು. ಈರಯ್ಯ ಅವಳ ಹೆರಳು ಬಿಚ್ಚಲು ಕೈ ಹಾಕಿದ. ಸತ್ಯವ್ವ ಎದ್ದು ನಿಂತು, ಮುಖದ ಭಂಡಾರವನ್ನು ಸೆರಗಿನಿಂದ ಒರೆಸಿಕೊಂಡಳು.

“ಕೇಳ್ರಿ. ನಾ ಸತ್ಯವ್ವ. ನನ್ನ ಮೈಮ್ಯಾಲ ಯಾರೂ ಬರೂದಿಲ್ಲ. ನೀವು ಕಟ್ಟೀ ಮ್ಯಾಲ ಇವಂಗ ಹೇಳಿದ್ದನ್ನ ಇಂವ ಬಂದ್ ನನಗ ಹೇಳ್ತಾನ, ನಾ ನಿಮಗ ಹೇಳ್ತೀನಿ. ಬರೇ ಸುಳ್ಳ. ನನ್ನ ಮಗಳನ್ನ ಬಿಡ್ರಿ.”

ಜನ ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟರಲ್ಲಿ ಈರಯ್ಯ, ಎಂಥ ಭಂಡ ನೋಡಿ, ಆರತಿಯ ತಟ್ಟೆ ಎತ್ತಿಕೊಂಡು ಕೂಗಿದ: “ತಾಯಿ ನಮ್ಮನ್ನ ಪರೀಕ್ಷಾ ಮಾಡಾಕತ್ತಾಳ್ರೋ! ಕಾಲ ಹಿಡೀರಿ, ಸಿಟ್ಟಾಗ್ಯಾಳ!”

ಹಿಡಿದರು! ಒಬ್ಬರ ಮೇಲೊಬ್ಬರು ಬಿದ್ದು ಹಿಡಿದರು. ‘ತಪ್ಪಾತ ನಮ್ಮವ್ವ’ ಎಂದು ಗಲ್ಲ ಗಲ್ಲ ಬಡಿದುಕೊಂಡರು. ಮುಂದಿನ ಸಾಲಿನಲ್ಲೇ ಇದ್ದ ನನ್ನ ಅಣ್ಣ ಅವಳ ಪಾದಕ್ಕೆ ಹಣೆ ಒತ್ತಿ ಬಿಕ್ಕುತ್ತಿದ್ದ. ‘ನಾ ಸತ್ಯವ್ವ ಅದೀನ್ರೋ’ ಎಂದು ಅವಳು ಚೀರಿದಷ್ಟೂ ‘ಎಷ್ಟ ತಗ್ಗಿ ಮಾತಾಡ್ತಾಳ ತಾಯಿ’ ಎಂದು ಅವರ ಭಕ್ತಿ ಏರುತ್ತಿತ್ತು. ಜನ್ಮದಲ್ಲಿ ನನಗೆ ಮನುಷ್ಯರ ಮೇಲೆ ಅಷ್ಟು ಅಸಹ್ಯ ಎಂದೂ ಹುಟ್ಟಿರಲಿಲ್ಲ. ಉಗುಳಬೇಕೆನಿಸಿತು, ಬಾಯಿ ಒಣಗಿತ್ತು.

ಈರಯ್ಯ ಮತ್ತೆ ಮಗಳ ಹೆರಳಿಗೆ ಕೈ ಹಾಕಿದ. ಸತ್ಯವ್ವ ಅದನ್ನು ನೋಡಿದಳು. ನನ್ನನ್ನೊಮ್ಮೆ ನೋಡಿದಳು. ತಟ್ಟೆಯಿಂದ ಬೊಗಸೆ ತುಂಬ ಭಂಡಾರ ತೆಗೆದು ತಾನೇ ಮುಖಕ್ಕೆ ಬಳಿದುಕೊಂಡಳು, ತುರುಬು ಕಿತ್ತುಹಾಕಿದಳು, ಗದ್ದಿಗೆಯ ಮೇಲೆ ಧೊಪ್ಪನೆ ಕುಳಿತಳು.

“ಏ ಈರ್ಯಾ!” ದನಿಗೆ ಗೋಡೆಗಳು ನಡುಗಿದವು. “ಕೈ ತಗಿ! ಈ ಹುಡುಗಿ ನನಗ ಬ್ಯಾಡ. ಇಕಿ ಗದ್ದಿಗಿ ಮುಟ್ಟಿದ್ರ ನಾ ಈ ಊರ ಬಿಟ್ಟ ಹೋಗ್ತೀನಿ. ಹೊಳಿ ದಾಟಿಸಿ ಬೆಳಗಾವಿ ಹಾಸ್ಟೆಲ್ಲಿಗೆ ಕಳಸ್ರಿ ಇಕಿನ್ನ. ಸಾಲಿ ಕಲೀಲಿ!”

ಎರಡನೇ ಮಾತಿಲ್ಲ. ದೇವಿಗೆ ಹಾಸ್ಟೆಲ್ಲಿನ ಸುದ್ದಿ ಹೇಗೆ ಗೊತ್ತು ಎಂದು ಒಬ್ಬರೂ ಕೇಳಲಿಲ್ಲ. ಈರಯ್ಯನ ಮುಖ ಕಪ್ಪಿಟ್ಟಿತು, ಆದರೆ ಮಂದಿಯೇ ಅವನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು.

ಆ ಸುದ್ದಿ ಆಚೆಯ ಬೀಡಿ ಊರಿನವರೆಗೂ ಹಬ್ಬಿತು. ಮಂಗಳವಾರ, ಶುಕ್ರವಾರ ಎನ್ನದೆ ದಿನಾಲೂ ಜನ ಬರತೊಡಗಿದರು. ಸೋಮವಾರ ರೇಣವ್ವನನ್ನು ಕರೆದುಕೊಂಡು ಹೋಗಲು ನಾನು ಹೋದಾಗಲೂ ಸತ್ಯವ್ವ ಗದ್ದಿಗೆಯ ಮೇಲೆಯೇ ಇದ್ದಳು. ಹುಡುಗಿ ಟ್ರಂಕು ಕೆಳಗಿಟ್ಟು, ಹೆತ್ತ ಅವ್ವನಿಗೆ ಎಲ್ಲರಂತೆ ಸಾಲಿನಲ್ಲಿ ನಿಂತು ನಮಸ್ಕಾರ ಮಾಡಿದಳು. ಸತ್ಯವ್ವ ಮಗಳ ಹಣೆಗೆ ಭಂಡಾರ ಇಟ್ಟಳು. ಇಟ್ಟ ಕೈ ತೆಗೆಯಲಿಲ್ಲ.

ನನಗೆ ತಡೆಯಲಾಗಲಿಲ್ಲ. “ಸತ್ಯವ್ವ, ಬಸ್ಸಿಗೆ ಹೊತ್ತಾತು. ಒಮ್ಮೆ ಮಗಳನ್ನ ಅಪ್ಪಿಕೋ” ಎಂದೆ.

ಹಿಂದಿನಿಂದ ಒಬ್ಬ ಮುದುಕಿ ಗದರಿದಳು: “ತಾಯೀನ್ನ ಹೆಸರ ಹಿಡದ ಕರೀತೀರೇನ್ರೀ ಅಕ್ಕಾರ? ಬಾಯಾಗ ಹುಳಾ ಬಿದ್ದಾವು!”

ಬಾಗಿಲಲ್ಲಿ ಈರಯ್ಯ ನಿಂತು ನೋಡುತ್ತಿದ್ದ. ಹುಡುಗಿ ಬಿಡುಗಡೆಯಾದದ್ದು ತಾಯಿಯ ಅಪ್ಪಣೆಯಿಂದ. ಅಲ್ಲಿ ಕುಳಿತವಳು ಬರೀ ಸತ್ಯವ್ವ ಎಂದಾದರೆ ಅಪ್ಪಣೆಯೂ ಇಲ್ಲ, ಮರುದಿನವೇ ಅವನು ಮಗಳನ್ನು ಎಳೆದು ತರುತ್ತಾನೆ. ಅವಳು ಹಣೆಯಿಂದ ಕೈ ತೆಗೆದಳು. ಎಂದೂ ಕಂಡೇ ಇಲ್ಲದವಳನ್ನು ನೋಡುವಂತೆ ನನ್ನನ್ನು ನೋಡಿದಳು.

“ಯಾರು ಸತ್ಯವ್ವ?” ಎಂದಳು.

ಅಂದಿನಿಂದ ನಾನೂ ಅವಳನ್ನು ಹೆಸರು ಹಿಡಿದು ಕರೆದಿಲ್ಲ.