ಭಾವನ ನೂರು ಕಿಲೋಮೀಟರ್

ನಮ್ಮ ಭಾವನಿಗೆ ಅಳತೆಯ ಹುಚ್ಚು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರ್ ಆಗಿದ್ದವರು. ತಕ್ಕಡಿ, ತೂಕದ ಕಲ್ಲು, ಎಣ್ಣೆಯ ಅಳತೆ ಪಾತ್ರೆ, ಬಟ್ಟೆ ಅಂಗಡಿಯ ಮೀಟರ್ ಕೋಲು, ಇವಕ್ಕೆಲ್ಲ ಮುದ್ರೆ ಒತ್ತುವುದು ಅವರ ಕೆಲಸ. ನಿವೃತ್ತರಾದ ಮೇಲೆ ಮನೆಗೆ ಬಂದ ಹಾಲನ್ನು ಅಳೆದರು, ಬೆಂಕಿಪೊಟ್ಟಣದ ಕಡ್ಡಿ ಎಣಿಸಿದರು. ಒಂದು ದಿನ ಸೋಪನ್ನು ತೂಗಲು ಹೊರಟಾಗ ಅಕ್ಕ, "ನೋಡಿ, ಇನ್ನು ನನ್ನನ್ನ ತೂಗೋಕೆ ಬಂದ್ರೆ ಮಾತ್ರ ಸರಿ ಇರಲ್ಲ" ಎಂದಳು. ಅಕ್ಕನ ಮದುವೆಯಾದಾಗ ನನಗೆ ಒಂಬತ್ತು ವರ್ಷ. ಈಗ ಐವತ್ತು ದಾಟಿದೆ, ಶಾಲೆಯಲ್ಲಿ ಲೆಕ್ಕದ ಮೇಡಂ ಆಗಿದ್ದೇನೆ, ಅವರದೇ ಮನೆಯ ಮಹಡಿಯ ಮೇಲಿದ್ದೇನೆ. ಆದರೂ ಭಾವನಿಗೆ ನಾನು ಪುಟ್ಟಿಯೇ. ನಾದಿನಿಯ ಕೀಟಲೆ ಸಹಿಸುವುದು ಭಾವಂದಿರ ಹಣೆಬರಹ. ನಾನೂ ನನ್ನ ಪಾಲಿನ ಕರ್ತವ್ಯದಲ್ಲಿ ಕೊರತೆ ಮಾಡಿಲ್ಲ.

ಸೋಪಿನ ಜಗಳವಾದ ತಿಂಗಳಲ್ಲೇ ಡಾಕ್ಟರು ಅವರಿಗೆ ಸಕ್ಕರೆ ಕಾಯಿಲೆ ಎಂದರು, ದಿನಾ ಸೈಕಲ್ ತುಳಿಯಿರಿ ಎಂದರು. ಹಳೆಯ ಎತ್ತರದ ಸೈಕಲ್ಲಿನ ಮೇಲೆ ಮಂಡಿ ಎತ್ತಿ ಕಾಲು ಹಾಕಲು ಆಗಲಿಲ್ಲ. ಚಿಕ್ಕ ಚಕ್ರದ ತಗ್ಗು ಸೈಕಲ್ಲೊಂದು ಬಂತು. ಹಳೆಯದರಲ್ಲಿದ್ದ ಡಿಜಿಟಲ್ ಮೀಟರನ್ನು ಭಾವ ತಾವೇ ಬಿಚ್ಚಿ ಹೊಸದಕ್ಕೆ ಕೂರಿಸಿಕೊಂಡರು. ಡಾಕ್ಟರು ಹೇಳಿದ್ದು ದಿನಕ್ಕೆ ಅರ್ಧ ಗಂಟೆ ಅಂತ ಮಾತ್ರ. ವಾರಕ್ಕೆ ನೂರು ಕಿಲೋಮೀಟರ್ ಎಂಬುದು ಭಾವನ ಸ್ವಂತ ಕಾನೂನು. ಸೋಮವಾರ ಬೆಳಿಗ್ಗೆ ಸೊನ್ನೆ, ಭಾನುವಾರ ಸಂಜೆಯೊಳಗೆ ನೂರು. ಒಂದು ಭಾನುವಾರ ನೆಂಟರು ಬಂದು ಹಜಾರದಲ್ಲಿ ಕೂತಿದ್ದರೆ ಇವರು ಮನೆಯ ಮುಂದಿನ ಬೀದಿಯಲ್ಲಿ ಗಾಣದ ಎತ್ತಿನಂತೆ ಸುತ್ತುತ್ತಿದ್ದರು. "ಒಳಗೆ ಬನ್ನಿ, ಕಾಫಿ ಆರ್ತಿದೆ" ಎಂದು ಅಕ್ಕ ಗೇಟಿನಿಂದ ಕೂಗಿದಳು.

"ತೊಂಬತ್ತೊಂಬತ್ತೂವರೆ ಆಗಿದೆ. ಇನ್ನು ಅರ್ಧ."

"ತೊಂಬತ್ತೊಂಬತ್ತೂವರೆ ಅಂದ್ರೆ ನೂರೇ ಅಲ್ವಾ ಭಾವ?" ಎಂದೆ ನಾನು.

"ಲೆಕ್ಕದ ಮೇಡಂ ಬಾಯಲ್ಲಿ ಬರೋ ಮಾತೇನೇ ಇದು?" ಎನ್ನುತ್ತ ಇನ್ನೊಂದು ಸುತ್ತು ಹೋದರು.

ಭಾನುವಾರ ಬೆಳಿಗ್ಗೆ ಮಾತ್ರ ನಾಲ್ವರ ಗುಂಪು. ಭಾವ, ಕಟಿಂಗ್ ಶಾಪಿನವರು, ಟೈಲರ್, ಮತ್ತೆ ದಿನಸಿ ಅಂಗಡಿಯ ಕೊಸರಣ್ಣ. ಉಳಿದ ದಿನ ಅವರವರ ಪಾಡಿಗೆ ಅವರು ತುಳಿಯುತ್ತಿದ್ದರು. ಕಟಿಂಗ್ ಶಾಪಿನ ಕನ್ನಡಿಯ ಪಕ್ಕ ಒಂದು ಕರಿಹಲಗೆ, ಅದರಲ್ಲಿ ನಾಲ್ವರ ವಾರದ ಕಿಲೋಮೀಟರು. ಕಟಿಂಗ್ ಶಾಪಿನವರದೂ ಟೈಲರದೂ ಅಂದಾಜಿನ ಲೆಕ್ಕ. ಟೈಲರಂತೂ ಅಂಗಡಿಯಲ್ಲಿ ಹೊಲಿಗೆ ಯಂತ್ರ ತುಳಿದದ್ದನ್ನೂ ಸೇರಿಸುತ್ತಾರೆಂದು ಗುಮಾನಿ. ಮೀಟರ್ ಇದ್ದದ್ದು ಭಾವನಿಗೂ ಕೊಸರಣ್ಣನಿಗೂ ಮಾತ್ರ. ಭಾವನ ಸಾಲಿನಲ್ಲಿ ಪ್ರತಿ ವಾರ ನೂರು. ಕೊಸರಣ್ಣನದು ತೊಂಬತ್ತಾರು, ತೊಂಬತ್ತೇಳು, ಒಮ್ಮೊಮ್ಮೆ ತೊಂಬತ್ತೆಂಟು. ಎಂದೂ ಎರಡನೆಯ ಸ್ಥಾನ.

ಕೊಸರಣ್ಣ ಎಂಬ ಹೆಸರು ಬಂದ ಕಥೆ ನಮ್ಮ ಮನೆಯವರಿಗೆಲ್ಲ ಬಾಯಿಪಾಠ. ಇಪ್ಪತ್ತೆರಡು ವರ್ಷದ ಹಿಂದೆ ಭಾವ ತಪಾಸಣೆಗೆ ಹೋದಾಗ ಅವರ ಅಂಗಡಿಯ ಒಂದು ಕಿಲೋ ಕಲ್ಲು ಹತ್ತು ಗ್ರಾಂ ಕಡಿಮೆ ಇತ್ತು. ಕಬ್ಬಿಣದ ಕಲ್ಲಿನ ತಳದಲ್ಲಿ ತೂಕ ಸರಿದೂಗಿಸಲು ಸೀಸ ತುಂಬಿರುತ್ತಾರೆ. ಅದು ಯಾವಾಗಲೋ ಉದುರಿಹೋಗಿತ್ತು. "ನನಗೆ ಗೊತ್ತೇ ಇರ್ಲಿಲ್ಲ ಸಾಹೇಬ್ರೆ" ಎಂದು ಕೈಮುಗಿದರಂತೆ. ಭಾವ, "ಗೊತ್ತಿರ್ಲಿಲ್ಲ ಅಂದ್ರೆ ಗಿರಾಕಿ ಚೀಲ ತುಂಬುತ್ತೇನ್ರೀ?" ಎಂದು ಕೇಳಿ, ಕಲ್ಲು, ತಕ್ಕಡಿ ಎರಡೂ ಜಪ್ತಿ ಮಾಡಿ, ಬಾಗಿಲಿಗೆ ನೋಟಿಸ್ ಅಂಟಿಸಿ ಬಂದರು. ಈ ಡೈಲಾಗನ್ನು ಅವರು ಊಟಕ್ಕೆ ಕೂತಾಗ ಎಷ್ಟು ಸಲ ಹೇಳಿದ್ದಾರೆಂದರೆ, ನಾನು ಶಾಲೆಯಲ್ಲಿ ಹೋಮ್‌ವರ್ಕ್ ತರದ ಮಕ್ಕಳ ಮೇಲೂ ಅದನ್ನು ಪ್ರಯೋಗಿಸಿದ್ದೇನೆ.

ಅಂದಿನಿಂದ ಆ ಅಂಗಡಿಯಲ್ಲಿ ಏನು ತೂಗಿದರೂ ಮೇಲೊಂದು ಹಿಡಿ ಕೊಸರು. ಹಳೆಯ ತಕ್ಕಡಿ ಹೋಗಿ ಎಲೆಕ್ಟ್ರಾನಿಕ್ ಬಂದರೂ ಆ ಹಿಡಿ ನಿಲ್ಲಲಿಲ್ಲ. ನಾನೂ ಎರಡು ಬೀದಿ ಸುತ್ತಿಕೊಂಡು ಅಲ್ಲಿಗೇ ಹೋಗುತ್ತಿದ್ದೆ. ಯಾಕೆ ಅಂತ ಕೇಳಬೇಡಿ, ಬಿಟ್ಟಿ ಸಿಕ್ಕರೆ ನನಗೊಂದು ನನ್ನ ಅಜ್ಜಿಗೊಂದು.

ಭಾವ ಒಂದು ವಾರವೂ ತಪ್ಪದೆ ನೂರು ಬರೆಸಿ ನೂರೈವತ್ತು ವಾರ ಮುಗಿಸಿದರು. ಗುಂಪಿನವರು ಸೇರಿ, ಬರುವ ಭಾನುವಾರ ಕೊಡಲೆಂದು ಸೈಕಲ್ಲಿಗೆ ಹಾಕುವ ಒಂದು ಹಿತ್ತಾಳೆ ಗಂಟೆ ತಂದಿಟ್ಟರು. ಗುಟ್ಟಾಗಿ ಅಂತ ತಂದದ್ದು. ಆದರೆ ಕಟಿಂಗ್ ಶಾಪಿನಲ್ಲಿ ಗುಟ್ಟು ನಿಲ್ಲುತ್ತದೆಯೇ? ಭಾವ ಸೋಮವಾರವೇ ಸೈಕಲ್ಲಿನ ಹಿಡಿಯ ಮೇಲೆ ಗಂಟೆಗೆ ಜಾಗ ಒರೆಸಿ ಇಟ್ಟುಕೊಂಡರು.

ಅದೇ ವಾರ ಕೆರೆಯ ರಸ್ತೆಗೆ ಹೊಸ ಕಿಲೋಮೀಟರ್ ಕಲ್ಲು ನೆಟ್ಟರು. ಮಂಗಳವಾರ ಭಾವ ಸೊನ್ನೆಯ ಕಲ್ಲಿನಿಂದ ಮೀಟರ್ ನೋಡುತ್ತ ಹೊರಟರು. ಒಂಬತ್ತನೆಯ ಕಲ್ಲಿನ ಎದುರು ಮೀಟರ್ ಹತ್ತು ತೋರಿಸಿತು. ಮನೆಗೆ ಬಂದವರಿಗೆ ಮೈಯೆಲ್ಲ ಉರಿ.

"ರಸ್ತೆ ಇಲಾಖೆಯವರಿಗೆ ಬುದ್ಧಿ ಬೇಡ್ವಾ? ಹತ್ತು ಕಿಲೋಮೀಟರ್‌ನ ಒಂಬತ್ತು ಅಂತ ಬರೆದಿದ್ದಾರೆ! ಸಾರ್ವಜನಿಕರಿಗೆ ಮೋಸ!"

"ಉದ್ದ ರಸ್ತೆನ ಕಡಿಮೆ ಅಂತ ಬರೆದ್ರೆ ಯಾರಿಗೆ ಭಾವ ಮೋಸ? ಕಲ್ಲಿಗಾ?"

"ನಿನಗೆ ಅರ್ಥ ಆಗಲ್ಲ, ಸುಮ್ನಿರು" ಎಂದು ಎರಡು ಪುಟದ ದೂರು ಬರೆದರು. ಕಳಿಸುವ ಮುಂಚೆ ಸಾಕ್ಷ್ಯ ಬೇಕಲ್ಲ? ಬುಧವಾರ ಬೆಳಕು ಹರಿಯುತ್ತಲೇ ಮೂವತ್ತು ಮೀಟರಿನ ಉಕ್ಕಿನ ಟೇಪು ಹಿಡಿದು ನನ್ನ ಬಾಗಿಲು ಬಡಿದರು. ಒಂದು ತುದಿ ಅವರು, ಒಂದು ತುದಿ ನಾನು. ಒಂದು ಕಲ್ಲಿನಿಂದ ಶುರುಮಾಡಿ ಮೂವತ್ತಮೂರು ಸಲ ಎಳೆದೆವು, ಸೀಮೆಸುಣ್ಣದ ಗುರುತು ಹಾಕಿದೆವು, ಕೊನೆಗೆ ಹತ್ತು ಮೀಟರ್ ಸೇರಿಸಿದೆವು. ಗೆರೆ ಬಿದ್ದದ್ದು ಸರಿಯಾಗಿ ಮುಂದಿನ ಕಲ್ಲಿನ ಬುಡಕ್ಕೆ. ಭಾವ ಬಗ್ಗಿ ನೋಡಿದರು, ಎದ್ದರು, ಮತ್ತೆ ಬಗ್ಗಿದರು.

"ಬಿಸಿಲಿಗೆ ಟೇಪು ಹಿಗ್ಗಿರಬೇಕು."

"ಬಿಸಿಲು ಇನ್ನೂ ಬಂದೇ ಇಲ್ಲ ಭಾವ."

ಮನೆಗೆ ಬಂದಾಗ ಅಕ್ಕ ತರಕಾರಿ ಹೆಚ್ಚುತ್ತ ಎಲ್ಲ ಕೇಳಿಸಿಕೊಂಡಳು. ತಲೆಯೆತ್ತದೆ, "ತನ್ನ ಎಲೇಲಿ ಕತ್ತೆ ಸತ್ತು ಬಿದ್ದಿದ್ರೂ ಪಕ್ಕದೆಲೆ ನೊಣ ಕಾಣ್ಸುತ್ತಂತೆ. ಮೊದ್ಲು ನಿಮ್ಮ ಮೀಟರ್ ನೋಡ್ಕೊಳ್ಳಿ" ಎಂದಳು. ಭಾವ ನಕ್ಕರು. ತಮ್ಮ ಮೀಟರ್ ತಪ್ಪಿರಬಹುದೆಂಬ ಯೋಚನೆಗೆ ಅವರಿಗೆ ನಿಜಕ್ಕೂ ನಗು ಬಂದಿತ್ತು. ನಾನೇ ಟೈರಿಗೆ ಸೀಮೆಸುಣ್ಣದ ಗೆರೆ ಎಳೆದು, ಹಜಾರದಲ್ಲಿ ಸೈಕಲನ್ನು ಒಂದು ಸುತ್ತು ಉರುಳಿಸಿ ಟೇಪು ಹಿಡಿದೆ. ಒಂದು ಮೀಟರ್ ತೊಂಬತ್ತೆಂಟು ಸೆಂಟಿಮೀಟರ್. ಮೀಟರಿನ ಗುಂಡಿ ಒತ್ತಿ ನೋಡಿದರೆ ಅದರೊಳಗೆ ಚಕ್ರದ ಸುತ್ತಳತೆ ಎರಡು ಮೀಟರ್ ಇಪ್ಪತ್ತು ಸೆಂಟಿಮೀಟರ್ ಎಂದಿತ್ತು. ಅದು ಹಳೆಯ ದೊಡ್ಡ ಸೈಕಲ್ಲಿನ ಚಕ್ರದ ಅಳತೆ. ಮೀಟರನ್ನು ಚಿಕ್ಕ ಸೈಕಲ್ಲಿಗೆ ಹಾಕಿದ ದಿನ ಭಾವ ಅದನ್ನು ಬದಲಿಸಿರಲೇ ಇಲ್ಲ.

ಲೆಕ್ಕ ಮಾಡಲು ನನಗೆ ಕಾಗದ ಬೇಕಾಗಲಿಲ್ಲ. ನೂರಕ್ಕೆ ಹತ್ತು ಕಡಿಮೆ. ಪ್ರತಿ ವಾರ ತುಳಿದದ್ದು ತೊಂಬತ್ತು, ಬರೆಸಿದ್ದು ನೂರು. ಮೂರು ವರ್ಷದಲ್ಲಿ ಸುಮಾರು ಒಂದೂವರೆ ಸಾವಿರ ಕಿಲೋಮೀಟರ್ ಗಾಳಿ. ಅಷ್ಟೇ ಅಲ್ಲ, ಎರಡನೆಯ ಸ್ಥಾನದ ಕೊಸರಣ್ಣ ಅಷ್ಟೂ ವಾರ ನಿಜವಾಗಿ ಮೊದಲನೆಯವರಾಗಿದ್ದರು.

"ನನಗೆ ಗೊತ್ತೇ ಇರ್ಲಿಲ್ಲ ಕಣೇ ಪುಟ್ಟಿ" ಎಂದರು ಭಾವ.

ಹೇಳಿದವರೇ ಬಾಯಿ ಮುಚ್ಚಿಕೊಂಡರು. ನನ್ನ ನಾಲಿಗೆಯ ತುದಿಗೆ ಗಿರಾಕಿಯ ಚೀಲದ ಮಾತು ಬಂದಿತ್ತು. ನುಂಗಿಕೊಂಡೆ. ನಲವತ್ತು ವರ್ಷದ ಕೀಟಲೆಯಲ್ಲಿ ನಾನು ಅವರನ್ನು ಸುಮ್ಮನೆ ಬಿಟ್ಟದ್ದು ಅದೊಂದೇ ಸಲ. ಅವರ ಮುಖ ನೋಡಿ ನನಗೆ ಅಳು ಬಂತು.

ಗುರುವಾರ, ಶುಕ್ರವಾರ ಭಾವ ಸೈಕಲ್ ಮುಟ್ಟಲಿಲ್ಲ. ನಾನು ಹಾವೂ ಸಾಯದ, ಕೋಲೂ ಮುರಿಯದ ಉಪಾಯ ಹೇಳಿದೆ. "ಮೀಟರ್ ಸರಿ ಮಾಡಿಬಿಡಿ, ಮುಂದಿನ ಸೋಮವಾರದಿಂದ ನಿಜವಾದ ನೂರು ತುಳೀರಿ. ಹಳೇದು ಯಾರಿಗೆ ಗೊತ್ತಾಗುತ್ತೆ? ಗಂಟೆ ತಗೊಳ್ಳಿ, ಬನ್ನಿ."

"ನಾಲ್ಕು ಜನರ ಮುಂದೆ ಹೇಗೆ ಹೇಳ್ಲಿ ಅಂತ ಭಯ ಆಗುತ್ತೆ ಕಣೇ. ಹೇಳದೆ ಆ ಗಂಟೆ ತಗೊಂಡ್ರೆ ಅದನ್ನ ಬಾರಿಸೋಕೂ ಭಯ ಆಗುತ್ತೆ" ಎಂದರು.

ಭಾನುವಾರ ನಾನೂ ಹಿಂದೆಯೇ ಹೋದೆ. ಕಟಿಂಗ್ ಶಾಪಿನವರು ಗಿರಾಕಿಯ ಕುರ್ಚಿಯಲ್ಲಿ ಭಾವನನ್ನು ಕೂರಿಸಿ, ಟೈಲರ್ ಕೈಗೆ ಗಂಟೆ ಕೊಟ್ಟು ಗಂಟಲು ಸರಿಮಾಡಿಕೊಂಡರು. ಭಾವ ಎದ್ದು ನಿಂತರು. ಒಂದೇ ಉಸಿರಿಗೆ ಎಲ್ಲ ಹೇಳಿದರು, ಒಂದು ಸೆಂಟಿಮೀಟರೂ ಬಿಡದೆ. ಒದ್ದೆ ಬಟ್ಟೆ ತೆಗೆದುಕೊಂಡು ಹಲಗೆಯ ಮೇಲಿನ ತಮ್ಮ ಸಾಲನ್ನು ಒರೆಸಿದರು.

"ಅಯ್ಯೋ, ಹೋಗ್ಲಿ ಬಿಡಿ ಸಾಹೇಬ್ರೆ" ಎಂದರು ಕಟಿಂಗ್ ಶಾಪಿನವರು. "ನಿಮ್ಮ ಲೆಕ್ಕ ತೆಗೆದ್ರೆ ನಂದೂ ಟೈಲರ್‌ದೂ ತೆಗೀಬೇಕಾಗುತ್ತೆ." ಟೈಲರ್ ಗಂಟೆಯನ್ನು ಒರೆಸುವುದರಲ್ಲಿ ಮಗ್ನರಾದರು.

ಭಾವ ಕೊಸರಣ್ಣನ ಕಡೆ ತಿರುಗಿದರು. "ಅವತ್ತು ನೀವು ಗೊತ್ತಿರ್ಲಿಲ್ಲ ಅಂದ್ರಿ. ನಾನು ನಂಬಲಿಲ್ಲ."

ಕೊಸರಣ್ಣ ಹಲಗೆಯ ಕಡೆ ನೋಡಿದರು. ಆಮೇಲೆ, "ಮೊದಲ್ನೇ ತಿಂಗಳೇ ಗೊತ್ತಾಗಿತ್ತು ಸಾಹೇಬ್ರೆ. ಭಾನುವಾರ ಪಕ್ಕಪಕ್ಕದಲ್ಲೇ ಹೋಗ್ತಿದ್ವಲ್ಲ. ನಿಮ್ಮದು ಹತ್ತು ಅಂದ್ರೆ ನನ್ನದು ಒಂಬತ್ತು" ಎಂದರು.

"ಮತ್ತೆ ಯಾಕ್ರೀ ಹೇಳ್ಲಿಲ್ಲ?"

"ನಿಮ್ಮದು ತಪ್ಪಿರುತ್ತಾ? ನಂದೇ ತಪ್ಪು ಅಂದ್ಕೊಂಡೆ. ಅವತ್ತಿಂದ ನನ್ನ ಕೈಲಿರೋ ಯಾವ ಅಳತೆ ಮೇಲೂ ನನಗೆ ನಂಬಿಕೆ ಇಲ್ಲ. ಕಡಿಮೆ ತೋರಿಸ್ತಿದೆ ತಾನೇ, ಯಾರಿಗೂ ಮೋಸ ಆಗಲ್ಲ, ಇರ್ಲಿ ಅಂತ ಬಿಟ್ಟೆ."

ಗಂಟೆ ಕನ್ನಡಿಯ ಕೆಳಗಿನ ಕಪಾಟಿಗೆ ಹೋಯಿತು. ಹಲಗೆಯಲ್ಲಿ ಭಾವನ ಸಾಲಿಗೆ 'ವಾರ ಒಂದು' ಎಂದು ಹೊಸದಾಗಿ ಬಿತ್ತು. ನನಗೆ ಮಾತ್ರ ಮನೆಯ ಡಬ್ಬಗಳಲ್ಲಿ ತುಂಬಿದ್ದ ಕೊಸರೆಲ್ಲ ನೆನಪಾಗಿ ನಾಚಿಕೆಯಾಯಿತು. ಅದನ್ನು ಅವರ ದೊಡ್ಡ ಮನಸ್ಸು ಅಂದುಕೊಂಡಿದ್ದೆ. ಅದು ಅವರ ಹೆದರಿಕೆಯಾಗಿತ್ತು.

ಸೋಮವಾರ ಭಾವ ಚೀಲ ಹಿಡಿದು ದಿನಸಿ ಅಂಗಡಿಗೆ ಹೊರಟರು. ಮನೆಯಲ್ಲಿ ಅಕ್ಕಿ ಇತ್ತು, ಆದರೂ ಒಂದು ಕಿಲೋ ಅಕ್ಕಿ ಕೇಳಿದರು. ಕೊಸರಣ್ಣ ತೂಗಿದರು. ಅಂಕಿ ಒಂದು ಕಿಲೋಗೆ ನಿಂತಿತು. ಅಭ್ಯಾಸದಂತೆ ಕೈ ಮತ್ತೆ ಮೂಟೆಯೊಳಗೆ ಹೋಗಿ ಹಿಡಿ ತುಂಬಿಕೊಂಡು ಬಂತು. ಭಾವ ಆ ಮಣಿಕಟ್ಟನ್ನು ಮೆಲ್ಲಗೆ ಹಿಡಿದರು.

"ಬೇಡ. ತೂಕ ಸರಿಯಾಗಿದೆ."

ಕೊಸರಣ್ಣ ತಕ್ಕಡಿಯ ಅಂಕಿ ನೋಡಿದರು, ಭಾವನ ಮುಖ ನೋಡಿದರು. "ನಿಜವಾಗ್ಲೂ ಸರಿ ಇದೆಯಾ ಸಾಹೇಬ್ರೆ?"

"ಸರಿ ಇದೆ. ಅವತ್ತು ನೀವು ಹೊಸ ಕಲ್ಲು ತಂದಾಗ್ಲೇ ನಾನು ಬಂದು ಹೇಳ್ಬೇಕಿತ್ತು."

ಮುಷ್ಟಿ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಬೆರಳು ಬಿಚ್ಚಿದರು, ಅಕ್ಕಿ ಮೂಟೆಗೆ ವಾಪಸ್ ಬಿತ್ತು.