ಅಕ್ಕನ ಬಳೆ ಕಟ್ಟಿದ ಗಂಟು

ಆಳಂದದಲ್ಲಿ ನನ್ನದು ತೊಗರಿ ವ್ಯಾಪಾರ. ಚೀಲಕ್ಕೆ ಕೈ ಹಾಕಿ, ಕಾಳು ಕಚ್ಚಿ ನೋಡದೆ ದರ ಹೇಳಿದವನಲ್ಲ. ಅಂಥವನು ಇದು ನಡೆದದ್ದೇ ಎನ್ನುವಾಗ ದಯವಿಟ್ಟು ಚೌಕಾಸಿ ಮಾಡಬೇಡಿ.

ಆ ಸಂಜೆ ನನ್ನ ಅಕ್ಕ ಕಾಶಕ್ಕನನ್ನು ಅವಳ ಊರು ನರೋಣಾದಿಂದ ಆಸ್ಪತ್ರೆಗೆ ಕರೆತಂದೆವು. ಕರುಳು ಕಟ್ಟಿಕೊಂಡಿತ್ತು, ರಾತ್ರಿಯೇ ಆಪರೇಷನ್ ಆಗಬೇಕಿತ್ತು. ನರ್ಸ್ ಅವಳ ಹಸಿರು ಬಳೆ ಬಿಚ್ಚಿ ನನ್ನ ಕೈಗಿತ್ತಳು. ಕರವಸ್ತ್ರದಲ್ಲಿ ಸುತ್ತಿ, ಒಂದು ಗಂಟು ಹಾಕಿ ಜೇಬಿಗಿಟ್ಟೆ.

"ಹೆದರಬ್ಯಾಡ ಅಕ್ಕಾ. ನಿನ್ನ ಮಾರಿ ನೋಡು, ಹುಣ್ಣಿವಿ ಚಂದ್ರ ಆಗ್ಯಾದ. ಜಡ್ಡಿನವ್ರ ಮಾರಿ ಹಿಂಗಿರ್ತದೇನು?"

"ಸುಮ್ನಿರೋ ಭಾಡ್ಯಾ, ಇಲ್ಲೂ ಮಾಲು ಹೊಗಳ್ತೀ ಏನು?" ನಗುತ್ತಲೇ ಒಳಗೆ ಹೋದಳು.

ನನ್ನ ಹೆಂಡತಿ ಶಾಂತಾ ಕೂಡ ಕೆಲವು ವರ್ಷಗಳ ಹಿಂದೆ, ಬೇರೆ ಊರಿನಲ್ಲಿ, ಇಂಥದೇ ಬಾಗಿಲೊಳಗೆ ನಗುತ್ತ ಹೋಗಿದ್ದಳು. "ಬಿಪಿ ಬಿತ್ತು, ಕಾರಣ ತಿಳೀಲಿಲ್ಲ" ಎಂದು ಹೆಣ ಕೊಟ್ಟಿದ್ದರು...

ಅರಿವಳಿಕೆ ಡಾಕ್ಟರಮ್ಮ ಹೊರಗೆ ಬಂದರು. ಹಣೆ ಬೆವತಿತ್ತು.

"ಬಿಪಿ ಬಿದ್ದದ್ದು ಏರವಲ್ದರಿ. ರಕ್ತ ಹೋಗಿಲ್ಲ, ಎದಿಬಡಿತ ಚಲೋ ಅದ, ಔಷಧ ಒಗ್ಗದ ಗುರುತೂ ಇಲ್ಲ. ಸಲೈನಿಗೂ ಜಗ್ಗವಲ್ದು, ಇಂಜೆಕ್ಷನ್ನಿಗೂ ಜಗ್ಗವಲ್ದು. ಮನ್ಯಾಗ ಏನರೆ ಔಷಧ ತಗೋತಿದ್ರೇನ್ರಿ?"

"ಏನೂ ಇಲ್ರಿ ಮೇಡಂ..."

ಬಾಗಿಲು ಮುಚ್ಚಿತು. ಓಣಿಯಂಥ ಆ ಉದ್ದ ಪಡಸಾಲೆಯಲ್ಲಿ ನಾನೊಬ್ಬನೇ. ಫಿನಾಯಿಲ್ ವಾಸನೆ. ಅದರ ನಡುವೆ ಮೆಲ್ಲಗೆ... ಓಂಕಾಳಿನ ವಾಸನೆ. ಕೊನೆಯ ವರ್ಷ ಶಾಂತಾಳ ಸೆರಗಿಗೆ ಇದ್ದದ್ದು ಇದೇ ವಾಸನೆ.

ಕಿಣಿ...

ಜೇಬಿನಲ್ಲಿ ಬಳೆ. ನಾನು ಅಲುಗಾಡಿರಲಿಲ್ಲ.

ಕಿಣಿ ಕಿಣಿ...

ಕರವಸ್ತ್ರ ಹೊರತೆಗೆದೆ. ನಾನು ಹಾಕಿದ್ದು ಒಂದೇ ಗಂಟು. ಈಗ ಗಂಟಿನ ಮೇಲೆ ಗಂಟು, ತುದಿ ಒಳಗೆ ತುರುಕಿತ್ತು. ನನ್ನ ರೊಟ್ಟಿ ಬುತ್ತಿಯನ್ನು ಶಾಂತಾ ಹಾಗೇ ಕಟ್ಟುತ್ತಿದ್ದಳು. ಬಿಚ್ಚಿದೆ. ಬಳೆಗಳ ನಡುವೆ ಕಾಗದದ ಪೊಟ್ಟಣ. ಒಳಗೆ ಕಂದು ಪುಡಿ, ಅದೇ ಓಂಕಾಳಿನ ವಾಸನೆ.

ಬಾಗಿಲು ಬಡಿದೆ. ಡಾಕ್ಟರಮ್ಮ ಮೂಸಿ ನೋಡಿದವರೇ ತಿರುಗಿದರು. "ಸಂತ್ಯಾಗ ಮಾರೋ ಮೊಣಕಾಲ ನೋವಿನ ಪುಡಿ! ಇದರಾಗ ಸ್ಟೀರಾಯ್ಡ್ ಬೆರೆಸಿರ್ತಾರ. ದಿನಾ ತಿಂದ್ರ ಮಾರಿ ಉಬ್ಬತದ, ಮೈ ತನ್ನದೇ ಸ್ಟೀರಾಯ್ಡ್ ಮಾಡೋದು ಮರೀತದ. ಕೊಯ್ದಾಗ ಬಿಪಿ ಬೀಳ್ತದ. ಸಿಸ್ಟರ್, ಸ್ಟೀರಾಯ್ಡ್ ಇಂಜೆಕ್ಷನ್ ತಗೀರಿ!"

ನಸುಕಿಗೆ ಹೇಳಿ ಕಳಿಸಿದರು: ಬಿಪಿ ಏರಿದೆ, ಅಕ್ಕ ಉಳಿದಳು.

ಎಚ್ಚರಾದ ಮೇಲೆ ಕೇಳಿದೆ, "ಪುಡಿ ಬಳ್ಯಾಗ ಯಾಕ ಇಟ್ಟಿದ್ದಿ ಅಕ್ಕಾ?"

"ನಾ ಎಲ್ಲಿ ತಂದೀನೋ? ಅದು ಮನ್ಯಾಗ ಜ್ವಾಳದ ಡಬ್ಬ್ಯಾಗ ಅದ." ಬಳೆಯಿಲ್ಲದ ಕೈ ಸವರಿಕೊಂಡಳು. "ಶಾಂತಾನೂ ನಾನೂ ಕೂಡೇ ತರಸ್ತಿದ್ವಿ, ತಮ್ಮಾ. ನೀ ಬೈತೀ ಅಂತ ಹೇಳಿರಲಿಲ್ಲ."

ನನ್ನ ಮಾತು ಕೇಳಿ: ಆಪರೇಷನ್ನಿಗೆ ಮುಂಚೆ ತಿಂದ ಪುಡಿ, ಬೇರು, ಗುಳಿಗೆ ಎಲ್ಲವನ್ನೂ ಡಾಕ್ಟರಿಗೆ ಹೇಳಿರಿ. ಮನೆಯ ಹೆಂಗಸರನ್ನು ಬೈಯದೆ ಕೇಳಿರಿ.

ಆ ಪೊಟ್ಟಣ ಹೇಗೆ ಬಂತು, ಇವತ್ತಿಗೂ ತಿಳಿದಿಲ್ಲ. ಕಾಡುವುದು ಅದಲ್ಲ. ಶಾಂತಾಳ ಆಪರೇಷನ್ನಿನ ದಿನ ಅವಳ ಬಳೆಗಳೂ ನನ್ನ ಜೇಬಿನಲ್ಲೇ ಇದ್ದವು. ರಾತ್ರಿಯಿಡೀ ಸುಮ್ಮನಿದ್ದವೋ... ಇಲ್ಲ, ನನಗೆ ಕೇಳಿಸಲಿಲ್ಲವೋ...